242 ಯೂನಿಟ್ ಎಲ್ಲಿ ಹೋಯ್ತು? ಹಾಸನದ ಒಂದು ಮನೆಯ ಕರೆಂಟ್ ಲೆಕ್ಕ

ಹೋದ ವರ್ಷ, 2025ರ ಜುಲೈ ಕೊನೆಯಲ್ಲಿ, ಮಾವ ಫೋನ್ ಮಾಡಿದರು. "ಮನೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸ್ತಾ ಇದೀನಿ ಕಣಯ್ಯ, ಶುಕ್ರವಾರ ಅಡ್ವಾನ್ಸ್ ಕೊಡಬೇಕು, ಒಂದ್ಸಲ ಬಂದು ನೋಡು" ಅಂದರು. 3 ಕಿಲೋವಾಟ್, ಒಟ್ಟು 2,05,000 ರೂಪಾಯಿ, ಅದರಲ್ಲಿ 78,000 ಸಬ್ಸಿಡಿ ವಾಪಸ್ ಬರುತ್ತದೆ, ಬಿಲ್ ಸೊನ್ನೆ ಆಗುತ್ತದೆ ಎಂದು ಪ್ಯಾನೆಲ್ ಮಾರಲು ಬಂದವರು ಹೇಳಿದ್ದರು. ಅಡ್ವಾನ್ಸ್ 20,000.

ನಾನು ಕೇಳಿದ್ದು ಒಂದೇ. ಈಗ ತಿಂಗಳಿಗೆ ಎಷ್ಟು ಯೂನಿಟ್ ಬರ್ತಿದೆ, ಯಾವುದಕ್ಕೆ ಬರ್ತಿದೆ? ಎಷ್ಟು ಅನ್ನುವುದಕ್ಕೆ ಮಾವನ ಹತ್ತಿರ ಉತ್ತರ ಇತ್ತು. ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಮನೆ ಕಟ್ಟಿದಾಗಿನಿಂದ ಬಂದ ಬಿಲ್ಲುಗಳೆಲ್ಲ ಫೈಲಿನಲ್ಲಿವೆ. ಯಾವುದಕ್ಕೆ ಅನ್ನುವುದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಎನರ್ಜಿ ಆಡಿಟ್ ಆಗುತ್ತದೆ. ಆಡಿಟ್‌ನವರು ಬಂದು ಮೊದಲು ಮಾಡುವುದು ಅಳತೆ. ಯಾವ ಮೋಟಾರ್ ಎಷ್ಟು ಎಳೆಯುತ್ತದೆ, ರಾತ್ರಿ ಲೈನ್ ನಿಂತಾಗಲೂ ಮೀಟರ್ ಎಷ್ಟು ಓಡುತ್ತದೆ ಅಂತ ಬರೆದುಕೊಂಡು, ಆಮೇಲೆ ಏನು ಬದಲಾಯಿಸಬೇಕು ಅಂತ ಹೇಳುತ್ತಾರೆ. 2001ರ ಇಂಧನ ಸಂರಕ್ಷಣಾ ಕಾಯ್ದೆ, ಅದರಡಿ 2002ರಲ್ಲಿ ಶುರುವಾದ ಬಿಇಇ (ಇಂಧನ ದಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ), ಈ ಆಡಿಟ್ ವ್ಯವಸ್ಥೆ ಎಲ್ಲ ಮುಖ್ಯವಾಗಿ ದೊಡ್ಡ ಬಳಕೆದಾರರಿಗೆ ಆಗಿ ಬಂದದ್ದು. ಒಂದು ಸಾಧಾರಣ ಮನೆಗೆ ಯಾರೂ ಬಂದು ಹಾಗೆ ಅಳೆಯುವುದಿಲ್ಲ. ಹಾಗಾಗಿ ಮಾವನಿಗೆ ಹೇಳಿದೆ, ಅಡ್ವಾನ್ಸ್ ಹದಿನೈದು ದಿನ ತಡೆಯಿರಿ, ನಾವೇ ಅಳೆಯೋಣ. ಅವರು ಒಪ್ಪಿದರು. ಅಲ್ಲಿ ಏನೇನಾಯ್ತು ಅಂತ ಪೂರ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಮನೆಗಳು ನಮ್ಮ ಊರಲ್ಲಿ ಬಹಳ ಇವೆ.

ಮನೆ ಮತ್ತು ಬಿಲ್

ಹಾಸನದ ವಿದ್ಯಾನಗರದಲ್ಲಿ 30-40 ಸೈಟು. ಕೆಳಗಿನ ಮನೆ 1998ರದ್ದು, ಮೇಲಿನ ಎರಡು ರೂಮು ಆಮೇಲೆ 2011ರಲ್ಲಿ ಎಬ್ಬಿಸಿದ್ದು. ಎಲ್ಲಾ ಒಂದೇ ಮೀಟರ್. ಮನೆಯಲ್ಲಿ ಆರು ಜನ. ಮಾವ, ಅತ್ತೆ, ನಮ್ಮ ಅಜ್ಜಿ, ಮಾವನ ಮಗ, ಸೊಸೆ, ಐದು ವರ್ಷದ ಪುಟ್ಟಿ. ಮಗ-ಸೊಸೆ ಬೆಂಗಳೂರಲ್ಲಿದ್ದರು, 2024ರ ಮಾರ್ಚ್‌ನಲ್ಲಿ ಊರಿಗೆ ಬಂದು ಮೇಲಿನ ರೂಮಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಟೆರೇಸ್ ಮೇಲೆ 200 ಲೀಟರ್ ಸೋಲಾರ್ ವಾಟರ್ ಹೀಟರ್ ಇದೆ. ಎಸಿ ಇಲ್ಲ.

ಗೃಹಜ್ಯೋತಿಯ ಲೆಕ್ಕ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕಥೆ ಅದರ ಮೇಲೆ ನಿಂತಿದೆ. 2023ರ ಜುಲೈ ಬಳಕೆಯಿಂದ ಇದು ಜಾರಿಗೆ ಬಂತು. 200 ಯೂನಿಟ್ ಫ್ರೀ ಅಂತ ಎಲ್ಲರೂ ಅನ್ನುತ್ತಾರೆ, ಆದರೆ ಪ್ರತಿ ಮನೆಗೂ ಬೇರೆ ಬೇರೆ ಮಿತಿ ಇದೆ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದು ಆ ಮನೆಯ ಫ್ರೀ ಯೂನಿಟ್. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಈ ಶೇ. 10ರ ಬದಲು 10 ಯೂನಿಟ್ ಕೊಟ್ಟರು. ಫ್ರೀ ಮಿತಿ ದಾಟಿ 200ರ ಒಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ? ಅಷ್ಟೂ ಯೂನಿಟ್‌ಗೆ ಪೂರ್ತಿ ಬಿಲ್.

ಮಾವನ ಮನೆಯ 2022-23ರ ಸರಾಸರಿ 118 ಯೂನಿಟ್. ಆಗ ಇದ್ದದ್ದು ಮೂರೇ ಜನ. ಶೇ. 10 ಸೇರಿಸಿ 130 ಯೂನಿಟ್ ಫ್ರೀ. ಅಂದರೆ 200 ಯೂನಿಟ್ ಬಂದರೆ 70 ಯೂನಿಟ್‌ಗೆ ದುಡ್ಡು, ಹೆಚ್ಚೂಕಮ್ಮಿ 470 ರೂಪಾಯಿ. 201 ಬಂದರೆ 1,800ರ ಹತ್ತಿರ. ಆ ಒಂದೇ ಒಂದು ಯೂನಿಟ್‌ಗೆ 1,300 ರೂಪಾಯಿಗೂ ಜಾಸ್ತಿ ಬೆಲೆ! ಮಾವ ಈ ನಿಯಮ ಓದಿದ್ದರು, ಆದರೆ ಹೀಗೆ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಬಹಳ ಜನ ನೋಡಿಲ್ಲ.

ಫೈಲ್ ತೆಗೆದು ನೋಡಿದೆವು. 2024ರ ಜೂನ್‌ನಿಂದ 2025ರ ಜುಲೈವರೆಗೆ 14 ಬಿಲ್. ಅದರಲ್ಲಿ 11 ಬಿಲ್ 200 ದಾಟಿದ್ದವು. ಜುಲೈಯದ್ದು 242 ಯೂನಿಟ್, 2,050 ರೂಪಾಯಿ ಹತ್ತಿರ. ಮಾವ ಅಂದುಕೊಂಡಿದ್ದು, ಜನ ಜಾಸ್ತಿ ಆದರು, ಬಿಲ್ ಜಾಸ್ತಿ ಆಯ್ತು, ಸಹಜ. ನನಗೆ ಅಲ್ಲಿ ಒಂದು ವಿಷಯ ಕೂಡಲಿಲ್ಲ. ಮಗ-ಸೊಸೆ ಬಂದದ್ದು 2024ರ ಮಾರ್ಚ್‌ನಲ್ಲಿ. ಏಪ್ರಿಲ್, ಮೇ ಬಿಲ್ 170ರ ಆಸುಪಾಸಿನಲ್ಲಿವೆ, ಅದೂ ಫ್ಯಾನ್ ಓಡುವ ತಿಂಗಳು. ಜೂನ್‌ಗೆ ಒಂದೇ ಸಲ 230 ಆಗಿದೆ. ಜೂನ್‌ನಲ್ಲಿ ಹೊಸದಾಗಿ ಯಾರೂ ಬರಲಿಲ್ಲ. ಹಾಗಾದರೆ ಏನು ಬಂತು?

ರಾತ್ರಿ ಹನ್ನೊಂದಕ್ಕೆ ಮೀಟರ್ ಮುಂದೆ

ಆಗಸ್ಟ್ ಮೊದಲ ಶನಿವಾರ ಸಂಜೆ ಹೋದೆ. ಸೋನೆ ಮಳೆ ಹಿಡಿದಿತ್ತು. ಊಟ ಆಗಿ ಎಲ್ಲರೂ ಮಲಗುವ ಹೊತ್ತಿಗೆ ಮನೆಯ ದೀಪ, ಟಿವಿ, ಫ್ಯಾನ್, ಚಾರ್ಜರ್ ಎಲ್ಲಾ ಆಫ್ ಮಾಡಿಸಿದೆ. ಉಳಿದದ್ದು ಫ್ರಿಜ್, ವೈಫೈ, ಸೆಟ್‌ಟಾಪ್ ಬಾಕ್ಸ್. ಟಾರ್ಚ್ ಹಿಡಿದು ನಾನೂ ಮಾವನೂ ವರಾಂಡದ ಮೀಟರ್ ಮುಂದೆ ನಿಂತೆವು.

ಈಗಿನ ಮೀಟರ್‌ಗಳಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಾ ಇರುತ್ತದೆ, ಗಮನಿಸಿರಬಹುದು. ಅದರ ಪಕ್ಕದಲ್ಲೇ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಮಾವನ ಮೀಟರ್‌ನಲ್ಲಿ 3200 ಅಂತ ಇತ್ತು. ಅಂದರೆ 3,200 ಸಲ ಮಿಟುಕಿದರೆ ಒಂದು ಯೂನಿಟ್. ಒಂದು ನಿಮಿಷದಲ್ಲಿ ಎಷ್ಟು ಸಲ ಮಿಟುಕಿತು ಅಂತ ಎಣಿಸಿ, ಅದನ್ನು 60ರಿಂದ ಗುಣಿಸಿ, 3,200ರಿಂದ ಭಾಗಿಸಿದರೆ ಆ ಕ್ಷಣಕ್ಕೆ ಮನೆ ಎಷ್ಟು ಕಿಲೋವಾಟ್ ಎಳೆಯುತ್ತಿದೆ ಅಂತ ಗೊತ್ತಾಗುತ್ತದೆ. ಯಾವ ಉಪಕರಣವೂ ಬೇಡ, ಫೋನಿನ ಸ್ಟಾಪ್‌ವಾಚ್ ಸಾಕು.

ಎಲ್ಲಾ ಮಲಗಿದ ಮನೆಯಲ್ಲಿ ಆ ದೀಪ ನಿಮಿಷಕ್ಕೆ ಏಳೆಂಟು ಸಲ ಮಿಟುಕಬೇಕು. ಅದು ಪಟಪಟ ಅಂತ ಹೊಡೆದುಕೊಳ್ಳುತ್ತಿತ್ತು. ಎಣಿಸುವುದೇ ಕಷ್ಟ ಆಯ್ತು. ನಾನು ಎಣಿಸಿದೆ, ಮಾವ ಗಡಿಯಾರ ನೋಡಿದರು. 115. ಮತ್ತೆ ಎಣಿಸಿದೆವು, 115. ಲೆಕ್ಕ ಹಾಕಿದರೆ 2.15 ಕಿಲೋವಾಟ್. ಎಲ್ಲಾ ಆಫ್ ಮಾಡಿದ ಮನೆ ಎರಡು ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟ್ ಎಳೆಯುತ್ತಾ ಇದೆ.

ಮಾವ ಒಂದು ನಿಮಿಷ ಮಾತಾಡಲಿಲ್ಲ.

ಆಮೇಲೆ ಒಂದೊಂದೇ ಎಂಸಿಬಿ, ಅಂದರೆ ಮನೆಯ ಒಂದೊಂದು ಭಾಗದ ಕರೆಂಟ್ ಕಡಿಯುವ ಸ್ವಿಚ್, ಕೆಳಗೆ ಮಾಡುತ್ತಾ ಬಂದೆ. ಹಾಲ್, ಇಲ್ಲ. ಅಡುಗೆಮನೆ, ಫ್ರಿಜ್ ನಿಂತಿತು, ಆದರೆ ಮಿಟುಕುವುದು ನಿಲ್ಲಲಿಲ್ಲ. "ಮೇಲೆ ಬಾತ್‌ರೂಂ" ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದ ಎಂಸಿಬಿ ಕೆಳಗೆ ಮಾಡಿದ ತಕ್ಷಣ ದೀಪ ಸುಮ್ಮನಾಯಿತು. ಮಿಕ್ಕಿದ್ದೆಲ್ಲ ಮತ್ತೆ ಹಾಕಿದೆ. ಈಗ ನಿಮಿಷಕ್ಕೆ 8.

ಮೇಲಿನ ಬಾತ್‌ರೂಮಿನಲ್ಲಿ ಗೀಸರ್ರೇ ಇಲ್ಲ. ವೈರ್ ಹಿಡಿದುಕೊಂಡು ಹುಡುಕಿದರೆ ಅದು ಟೆರೇಸ್‌ಗೆ ಹೋಗಿತ್ತು, ಸೋಲಾರ್ ಟ್ಯಾಂಕಿನ ಒಳಗಿನ ಕಾಯಿಲ್‌ಗೆ. ಮೋಡ ಇದ್ದ ದಿನ ನೀರು ಕಾಯಲಿ ಅಂತ ಸೋಲಾರ್ ಹೀಟರ್‌ಗಳಲ್ಲಿ 2 ಕಿಲೋವಾಟ್ ಕಾಯಿಲ್ ಇಟ್ಟಿರುತ್ತಾರೆ. ಅದರ ಸ್ವಿಚ್ ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇತ್ತು. ಸ್ವಿಚ್ ಆನ್ ಆಗಿತ್ತು. ಅದರ ಪುಟ್ಟ ಕೆಂಪು ದೀಪ ಸುಟ್ಟು ಹೋಗಿತ್ತು. ನೋಡಿದವರಿಗೆ ಆಫ್ ಇದ್ದ ಹಾಗೇ ಕಾಣುತ್ತಿತ್ತು.

ಅತ್ತೆಗೆ ಆಗ ನೆನಪಾಯಿತು. 2024ರ ಜೂನ್‌ನಲ್ಲಿ ಮಳೆ ಶುರುವಾದಾಗ ನೀರು ಬಿಸಿ ಬರುತ್ತಿಲ್ಲ ಅಂತ ಎಲೆಕ್ಟ್ರಿಶಿಯನ್ ಒಬ್ಬರನ್ನು ಕರೆಸಿದ್ದರು. ಅವರು ಏನೋ ಸರಿ ಮಾಡಿ ಆನ್ ಮಾಡಿ ಹೋಗಿದ್ದರು. ಅವತ್ತಿನಿಂದ 14 ತಿಂಗಳು ಅದು ಆನ್ ಆಗಿಯೇ ಇತ್ತು. ಯಾರದ್ದೂ ತಪ್ಪು ಅಂತ ಹೇಳುವ ಹಾಗಿಲ್ಲ. ಮನೆಯಲ್ಲಿ ಯಾವಾಗ ನಲ್ಲಿ ತಿರುಗಿಸಿದರೂ ಬಿಸಿನೀರು ಬರುತ್ತಿತ್ತು, ಸೋಲಾರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಎಲ್ಲರೂ ಖುಷಿಯಾಗಿದ್ದರು.

ಅವತ್ತು ರಾತ್ರಿ ಅಜ್ಜಿಗೂ ನಿದ್ದೆ ಬಂದಿರಲಿಲ್ಲ. ವಿಷಯ ಕೇಳಿ ಅಂದರು, "ಹಂಡೆ ಒಲೆ ಇದ್ದಾಗ ಉರಿ ಕಣ್ಣಿಗೆ ಕಾಣ್ತಿತ್ತು ಮಗಾ. ಸೌದೆ ಎಷ್ಟು ಹೋಯ್ತು ಅಂತ ಗೊತ್ತಾಗ್ತಿತ್ತು. ಇದು ಎಲ್ಲಿ ಉರೀತದೆ ಅಂತ ಯಾರಿಗೆ ಗೊತ್ತು?"

ಸೂರ್ಯನ ಕೆಲಸ ಕಿತ್ತುಕೊಂಡ ಕಾಯಿಲ್

ಕಾಯಿಲ್ ಆನ್ ಇದ್ದರೆ ಏನಾಯ್ತು, ಥರ್ಮೋಸ್ಟಾಟ್ ಇರುತ್ತದಲ್ವಾ, ಬಿಸಿ ಆದಮೇಲೆ ತಾನೇ ನಿಲ್ಲುತ್ತದೆ ಅಂತ ಮಾವನ ಮಗ ಕೇಳಿದ. ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಾಗ ನನಗೂ ಒಂದು ಹೊಸ ವಿಷಯ ಹೊಳೆಯಿತು.

ಸೋಲಾರ್ ಹೀಟರ್ ಕೆಲಸ ಮಾಡಬೇಕಾದರೆ ಬೆಳಗ್ಗೆ ಬಿಸಿಲು ಬರುವ ಹೊತ್ತಿಗೆ ಟ್ಯಾಂಕಿನಲ್ಲಿ ತಣ್ಣೀರು ಇರಬೇಕು. ಬೆಳಗ್ಗೆ ಎಲ್ಲರೂ ಸ್ನಾನ ಮಾಡಿ ಬಿಸಿನೀರು ಖಾಲಿ ಮಾಡುತ್ತಾರೆ, ಟ್ಯಾಂಕಿಗೆ ತಣ್ಣೀರು ತುಂಬುತ್ತದೆ, ಹಗಲೆಲ್ಲ ಬಿಸಿಲು ಅದನ್ನು ಕಾಯಿಸುತ್ತದೆ, ಮಾರನೇ ದಿನಕ್ಕೆ ಸಿದ್ಧ. ಇಲ್ಲಿ ಏನಾಗುತ್ತಿತ್ತು ಅಂದರೆ, ಏಳೂವರೆ ಹೊತ್ತಿಗೆ ಹೆಚ್ಚಿನವರ ಸ್ನಾನ ಮುಗಿಯುತ್ತಿದ್ದ ಹಾಗೇ ಕಾಯಿಲ್ ಆನ್ ಆಗಿ ಒಂಬತ್ತು, ಒಂಬತ್ತೂವರೆ ಒಳಗೆ ನೀರನ್ನು ಕರೆಂಟ್‌ನಲ್ಲೇ ಕಾಯಿಸಿ ಇಡುತ್ತಿತ್ತು. ಬಿಸಿಲು ಏರುವ ಹೊತ್ತಿಗೆ ನೀರು ಆಗಲೇ ಬಿಸಿ. ಸೂರ್ಯನಿಗೆ ಮಾಡಲು ಕೆಲಸವೇ ಉಳಿದಿಲ್ಲ! ರಾತ್ರಿ ಟ್ಯಾಂಕು ಸ್ವಲ್ಪ ತಣ್ಣಗಾದರೆ ಮತ್ತೆ ಕಾಯಿಲ್. ಹೀಗೆ ಬಿಸಿಲು ಸುರಿಯುವ ಫೆಬ್ರವರಿ, ಮಾರ್ಚ್‌ನಲ್ಲೂ ಆ ಮನೆ ಸ್ನಾನದ ನೀರಿಗೆ ಕರೆಂಟ್ ದುಡ್ಡು ಕೊಟ್ಟಿದೆ, ತಲೆ ಮೇಲೆ ಸೋಲಾರ್ ಹೀಟರ್ ಇದ್ದೂ.

ಆಮೇಲಿನ ಒಂದು ವಾರ ಬೆಳಗ್ಗೆ 6ಕ್ಕೆ, ರಾತ್ರಿ 10ಕ್ಕೆ ಮೀಟರ್ ಓದಿ ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಮಾವ ವಹಿಸಿಕೊಂಡರು. ಮೂರು ದಿನ ಕಾಯಿಲ್ ಹಿಂದಿನ ಹಾಗೇ ಆನ್, ಮೂರು ದಿನ ಆಫ್. ರಾತ್ರಿ ಎಂಟು ಗಂಟೆಯಲ್ಲಿ ಆನ್ ಇದ್ದಾಗ 1.9 ಯೂನಿಟ್, ಆಫ್ ಇದ್ದಾಗ 0.7. ಯಾರೂ ನೀರು ಮುಟ್ಟದ ರಾತ್ರಿಯಲ್ಲಿ ದಿನಾ 1.2 ಯೂನಿಟ್ ಸುಮ್ನೆ ಹೋಗುತ್ತಿತ್ತು. ಇಡೀ ದಿನಕ್ಕೆ ಲೆಕ್ಕ ಹಾಕಿದರೆ ಕಾಯಿಲ್ ಪಾಲು 3.9 ಯೂನಿಟ್. ತಿಂಗಳಿಗೆ 120. ಬಿಲ್ಲಿನ ಅರ್ಧ.

ಹಾಗಂತ ಕಾಯಿಲ್ ಪೂರ್ತಿ ಬಿಡುವ ಹಾಗೂ ಇಲ್ಲ. ನಮ್ಮ ಊರನ್ನು ಬಡವರ ಊಟಿ ಅಂತ ಕರೆಯುತ್ತಾರೆ, ಸಮುದ್ರ ಮಟ್ಟದಿಂದ ಹೆಚ್ಚೂಕಮ್ಮಿ 950 ಮೀಟರ್ ಎತ್ತರ. ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಬಿಸಿಲಿನ ಮುಖ ಕಾಣದೆ ಇರುವುದುಂಟು. ತೊಂಬತ್ತರ ಹತ್ತಿರದ ಅಜ್ಜಿಗೆ ಬಿಸಿನೀರು ಬೇಕೇ ಬೇಕು. ಹಾಗಾದರೆ ನಿಜಕ್ಕೂ ಎಷ್ಟು ಬೇಕು? ಆರು ಜನಕ್ಕೆ ತಲಾ 20 ಲೀಟರ್ ಅಂದರೂ 120 ಲೀಟರ್. 20 ಡಿಗ್ರಿ ನೀರನ್ನು 43 ಡಿಗ್ರಿಗೆ ತರಲು 3.2 ಯೂನಿಟ್ ಸಾಕು, ಅದೂ ಸೂರ್ಯ ಒಂದು ಚೂರೂ ಸಹಾಯ ಮಾಡದಿದ್ದರೆ. ಮೋಡ ಇದ್ದರೂ ಸೋಲಾರ್ ಹೀಟರಿನ ಟ್ಯೂಬು ಸ್ವಲ್ಪ ಕಾಯಿಸಿಯೇ ಕಾಯಿಸುತ್ತದೆ. ಮಳೆ ದಿನಕ್ಕೆ ಬೆಳಗಿನ ಜಾವ ಒಂದು ಗಂಟೆ ಕಾಯಿಲ್ ಹಾಕಿದರೆ ಸಾಕಾಗುತ್ತದೆ ಅಂತ ನನ್ನ ಅಂದಾಜು. ಮಾಡಿ ನೋಡಿದಾಗ ಅದು ಸರಿ ಬಂತು.

ಟೆರೇಸ್ ಮೇಲೆ ಹತ್ತಿ ನೋಡಿದಾಗ ಇನ್ನೂ ಎರಡು ಸಿಕ್ಕವು. ಬಿಸಿನೀರಿನ ಪೈಪಿಗೆ ಸುತ್ತಿದ್ದ ಕಪ್ಪು ಫೋಮ್ ಅನ್ನು ಮಂಗಗಳು ಕಿತ್ತು ಹಾಕಿದ್ದವು, ಒಂದಷ್ಟು ಚೂರು ಪಕ್ಕದ ಮನೆಯ ಸಜ್ಜಾ ಮೇಲಿತ್ತು. ಟೆರೇಸ್‌ನಿಂದ ಕೆಳಗಿನ ಬಚ್ಚಲಿಗೆ 14 ಮೀಟರ್ ಪೈಪು, ಪೂರ್ತಿ ಬರಿ ಮೈ. ಬೆಳಗ್ಗೆ ನಲ್ಲಿ ತಿರುಗಿಸಿ ಬಿಸಿನೀರು ಬರುವವರೆಗೆ ಎಷ್ಟು ತಣ್ಣೀರು ಹೋಗುತ್ತದೆ ಅಂತ ಬಕೆಟ್ ಇಟ್ಟು ಅಳೆದೆವು. ನಾಲ್ಕೂವರೆ ಲೀಟರ್. ಒಬ್ಬರು ಆರಕ್ಕೆ, ಇನ್ನೊಬ್ಬರು ಏಳೂವರೆಗೆ, ಮತ್ತೊಬ್ಬರು ಒಂಬತ್ತಕ್ಕೆ ಸ್ನಾನ ಮಾಡಿದರೆ ಪ್ರತಿ ಸಲ ಅಷ್ಟು ನೀರು ಪೈಪಿನಲ್ಲೇ ತಣ್ಣಗಾಗುತ್ತದೆ. ಜೊತೆಗೆ ಕೆಳಗಿನ ವಾಷ್ ಬೇಸಿನ್ನಿನ ಬಿಸಿನೀರಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ತಣ್ಣೀರಿನ ನಲ್ಲಿ ಸೋರಿದರೆ ನೀರು ಮಾತ್ರ ಹೋಗುತ್ತದೆ, ಬಿಸಿನೀರಿನದು ಸೋರಿದರೆ ಕರೆಂಟೂ ಹೋಗುತ್ತದೆ.

ಉಳಿದದ್ದು

ಬೇರೆ ಕಡೆ ಹೇಳುವಂಥದ್ದು ಕಡಿಮೆ. ಬಲ್ಬೆಲ್ಲ ಎಲ್‌ಇಡಿ. ಹೊಸ ಬೆಳಕು ಯೋಜನೆಯಲ್ಲಿ ಕೊಂಡ 9 ವಾಟ್ ಬಲ್ಬುಗಳು ಕೆಲವು ಇನ್ನೂ ಉರಿಯುತ್ತಿವೆ. ಫ್ಯಾನ್ ಬಗ್ಗೆ ಒಂದು ಮಾತು. ಹಳೇ ಫ್ಯಾನ್ 70-75 ವಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಹತ್ತಿರ, ಬದಲಾಯಿಸಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಬಳ್ಳಾರಿಯಲ್ಲೋ ರಾಯಚೂರಲ್ಲೋ ಅದು ಸರಿಯಾದ ಮಾತು. ಹಾಸನದಲ್ಲಿ ಫ್ಯಾನ್ ಜೋರಾಗಿ ಓಡುವುದು ಮೂರ್ನಾಲ್ಕು ತಿಂಗಳು. ಒಂದು ಫ್ಯಾನ್ ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ ಉಳಿಯುವುದು 10-11 ಯೂನಿಟ್. ಇರುವ ಫ್ಯಾನ್ ಕೆಟ್ಟಾಗ ತಗೊಳ್ಳಿ ಅಂದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೂ ಸ್ಟಾರ್ ಲೇಬಲ್ ಕಡ್ಡಾಯ ಆಗಿದೆ, ಹಾಗಾಗಿ ನೋಡಿ ಆರಿಸುವುದು ಈಗ ಸುಲಭ.

ಫ್ರಿಜ್ ಮಾತ್ರ ಗಮನ ಕೇಳಿತು. 2009ರದ್ದು. ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಮುಚ್ಚಿ ಎಳೆದರೆ ನೋಟು ಸಲೀಸಾಗಿ ಬಂತು. ಬಿಗಿಯಾಗಿ ಹಿಡಿಯಬೇಕಿತ್ತು. ಕೆಳಗಿನ ಮೂಲೆಯಲ್ಲಿ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಪ್ಲಗ್‌ಗೆ ಹಾಕುವ ವಾಟ್‌ಮೀಟರ್ ನನ್ನ ಹತ್ತಿರ ಇತ್ತು, ಎರಡು ದಿನ ಹಾಕಿ ನೋಡಿದರೆ ದಿನಕ್ಕೆ 1.5 ಯೂನಿಟ್ ಎಳೆಯುತ್ತಿತ್ತು. ಹೊಸ ಫ್ರಿಜ್ ತರುವ ಮುಂಚೆ ಗ್ಯಾಸ್ಕೆಟ್ ಹಾಕಿಸಿ ನೋಡೋಣ ಅಂದೆವು. ಹಾಕಿಸಿ, ಗೋಡೆಯಿಂದ ನಾಲ್ಕು ಬೆರಳು ಮುಂದೆ ತಂದ ಮೇಲೆ 1.1ಕ್ಕೆ ಇಳಿಯಿತು. ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ, ಲ್ಯಾಪ್‌ಟಾಪ್ ಎಲ್ಲಾ ಸೇರಿ ದಿನಕ್ಕೆ 0.9. ಮಿಕ್ಸಿ, ವಾಷಿಂಗ್ ಮಷಿನ್, ಇಸ್ತ್ರಿ, ಪಂಪು ಎಲ್ಲಾ ಸೇರಿ 0.8. ಎಲ್ಲರೂ ಬೈಯುವುದು ಟಿವಿಯನ್ನು, ಲ್ಯಾಪ್‌ಟಾಪನ್ನು. ಸೊಸೆಗೆ ತನ್ನ ಕೆಲಸದಿಂದಲೇ ಬಿಲ್ ಏರಿತು ಅನ್ನುವ ಸಂಕೋಚ ಒಂದು ವರ್ಷದಿಂದ ಇತ್ತಂತೆ. ಅವಳ ಲ್ಯಾಪ್‌ಟಾಪ್ ದಿನಕ್ಕೆ ಅರ್ಧ ಯೂನಿಟ್ ಕೂಡ ಇಲ್ಲ. ಅಳತೆ ಮಾಡಿದ್ದಕ್ಕೆ ಇದೊಂದು ಗೊತ್ತಾಗಿದ್ದೇ ನನಗೆ ಹೆಚ್ಚು ಸಮಾಧಾನ ತಂದಿತು.

ಮಾಡಿದ ಕೆಲಸ, ಆದ ಖರ್ಚು

ಕಾಯಿಲ್‌ಗೆ ಟೈಮರ್ ಹಾಕಿಸಿದೆವು. 2 ಕಿಲೋವಾಟ್ ಲೋಡ್ ತಡೆಯುವಂಥದ್ದೇ ಬೇಕು, ಸಾದಾ ಪ್ಲಗ್ ಟೈಮರ್ ಸುಟ್ಟು ಹೋಗುತ್ತದೆ. ಈ ಕೆಲಸಕ್ಕೆ ಎಲೆಕ್ಟ್ರಿಶಿಯನ್ನರನ್ನೇ ಕರೆಸಿ, ನೀವೇ ಬೋರ್ಡ್ ಬಿಚ್ಚಬೇಡಿ. ಮಳೆ ದಿನ ಬೆಳಗ್ಗೆ 5ರಿಂದ 6, ಅಷ್ಟೇ. ಬಿಸಿಲಿದ್ದ ದಿನಕ್ಕೆ ಮುಖ್ಯ ಸ್ವಿಚ್ಚೇ ಆಫ್. ಚಪ್ಪಲಿ ಸ್ಟ್ಯಾಂಡ್ ಹಿಂದಿನ ಸ್ವಿಚ್ ಕಿತ್ತು, ಅಡುಗೆಮನೆ ಬಾಗಿಲ ಪಕ್ಕ, ಎಲ್ಲರ ಕಣ್ಣಿಗೆ ಬೀಳುವ ಕಡೆ ದೊಡ್ಡ ಕೆಂಪು ದೀಪದ ಸ್ವಿಚ್ ಹಾಕಿಸಿದೆವು. ಪೈಪಿಗೆ ಹೊಸ ಫೋಮ್ ಸುತ್ತಿ, ಮಂಗ ಕೀಳದ ಹಾಗೆ ಅದರ ಮೇಲೆ ಹಳೇ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಹೊದಿಸಿ ತಂತಿ ಕಟ್ಟಿದೆವು. ಇದು ಮಾವನ ಐಡಿಯಾ, ಇವತ್ತಿಗೂ ಗಟ್ಟಿಯಾಗಿದೆ. ನಲ್ಲಿ ರಿಪೇರಿ ಆಯ್ತು. ಸ್ನಾನ ಆರರಿಂದ ಏಳೂವರೆ ಒಳಗೆ ಒಬ್ಬರಾದ ಮೇಲೆ ಒಬ್ಬರು, ಮೊದಲು ಅಜ್ಜಿ.

ಟೈಮರ್ 1,800, ಫೋಮ್ 1,340, ಗ್ಯಾಸ್ಕೆಟ್ 900, ಸ್ವಿಚ್ 250, ನಲ್ಲಿ 150, ಎಲೆಕ್ಟ್ರಿಶಿಯನ್ ಕೂಲಿ 800. ಒಟ್ಟು 5,240 ರೂಪಾಯಿ.

ಆಗಸ್ಟ್ ಬಿಲ್ ಬಂದಾಗ ನಮಗೆಲ್ಲ ಬೇಜಾರಾಯಿತು. ಕೆಲಸ ಮುಗಿದದ್ದು ತಿಂಗಳ ಮಧ್ಯ, ಬಿಲ್ 203 ಯೂನಿಟ್. ಮೂರು ಯೂನಿಟ್‌ಗೆ ಪೂರ್ತಿ 1,800 ರೂಪಾಯಿ ಹತ್ತಿರ ಕಟ್ಟಬೇಕಾಯಿತು. ಆವತ್ತು ಮಾವ ಒಂದು ಪದ್ಧತಿ ಮಾಡಿಕೊಂಡರು, ಅದನ್ನು ಎಲ್ಲರೂ ಮಾಡಬಹುದು. ಮೀಟರ್ ರೀಡರ್ ಬಂದು ಹೋದ ದಿನದಿಂದ ಎಣಿಸಿ 20ನೇ ದಿನ ಮೀಟರ್ ಓದುತ್ತಾರೆ. 133 ದಾಟಿದ್ದರೆ ಆ ಲೆಕ್ಕದಲ್ಲಿ ತಿಂಗಳಿಗೆ 200 ದಾಟುತ್ತದೆ. ಮಿಕ್ಕ ಹತ್ತು ದಿನ ಇಸ್ತ್ರಿ, ಕಾಯಿಲ್ ಸ್ವಲ್ಪ ಹಿಡಿತಕ್ಕೆ ತಂದುಕೊಳ್ಳಬಹುದು.

ಸೆಪ್ಟೆಂಬರ್ 158 ಯೂನಿಟ್. 130 ಫ್ರೀ, 28ಕ್ಕೆ ಮಾತ್ರ ದುಡ್ಡು, 190 ರೂಪಾಯಿ ಹತ್ತಿರ. ಅಕ್ಟೋಬರ್‌ನಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಮನೆ ತುಂಬಾ ನೆಂಟರು. ವರ್ಷಕ್ಕೊಂದೇ ಸಲ ತೆಗೆಯುವ ಗುಡಿ, ಬೆಂಗಳೂರು, ಮೈಸೂರಿಂದ ಬಂದವರು ನಾಲ್ಕೈದು ದಿನ ಇದ್ದರು, ಬೆಳಗಿನ ಜಾವಕ್ಕೇ ಎಲ್ಲರಿಗೂ ಸ್ನಾನ ಆಗಬೇಕು. ಆ ತಿಂಗಳೂ 181ಕ್ಕೆ ನಿಂತಿತು. ನವೆಂಬರ್ 149. ಡಿಸೆಂಬರ್ ಚಳಿಯಲ್ಲಿ 156. ಆದರೆ ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಸೋಲಾರ್ ಟ್ಯಾಂಕ್ ತಾನೇ ಕೆಲಸ ಮಾಡಿತು, ಕಾಯಿಲ್ ಹಾಕಿದ್ದು ಆರೇ ದಿನ.

ಹಾಗಾದರೆ ಪ್ಯಾನೆಲ್?

ಈ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆ ಮೇಲೆ ನನಗೆ ಒಳ್ಳೆ ಅಭಿಪ್ರಾಯವೇ ಇದೆ. 2024ರ ಫೆಬ್ರವರಿಯಲ್ಲಿ ಶುರುವಾದದ್ದು, ಒಂದು ಕೋಟಿ ಮನೆಯ ಗುರಿ. ಮೊದಲ 2 ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ 30,000, ಮೂರನೇದಕ್ಕೆ 18,000, ಹಾಗಾಗಿ 3 ಕಿಲೋವಾಟ್‌ಗೆ 78,000. ಅದಕ್ಕಿಂತ ದೊಡ್ಡದು ಹಾಕಿದರೂ ಸಬ್ಸಿಡಿ ಅಷ್ಟೇ. ಪೂರ್ತಿ ದುಡ್ಡು ಮೊದಲು ನಾವು ಕೊಡಬೇಕು, ಪ್ಯಾನೆಲ್ ಕೂತು, ನೆಟ್ ಮೀಟರ್ (ಮನೆಗೆ ಬರುವ, ಮನೆಯಿಂದ ಹೋಗುವ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಹಾಕಿ ತಪಾಸಣೆ ಆದಮೇಲೆ ಸಬ್ಸಿಡಿ ನಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಪ್ಯಾನೆಲ್ ದೇಶದಲ್ಲೇ ತಯಾರಾದ ಸೆಲ್‌ನದ್ದು ಆಗಿರಬೇಕು, ಇದನ್ನು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ.

ಈಗ ಮಾವನ ಮನೆಗೆ ಲೆಕ್ಕ. 2,05,000ದಲ್ಲಿ 78,000 ಕಳೆದರೆ ಕೈಯಿಂದ 1,27,000. ತಿಂಗಳಿಗೆ 2,000 ಬಿಲ್ ಕಟ್ಟುವ ಮನೆಗೆ ವರ್ಷಕ್ಕೆ 24,000 ಉಳಿಯುತ್ತದೆ, ಐದೂಕಾಲು ವರ್ಷದಲ್ಲಿ ದುಡ್ಡು ವಾಪಸ್. ಬಂದವರು ತೋರಿಸಿದ್ದು ಇದೇ ಲೆಕ್ಕ, ಅದರಲ್ಲಿ ಸುಳ್ಳಿಲ್ಲ. ಆದರೆ ಆ 2,000 ಬರುತ್ತಿದ್ದದ್ದೇ ಒಂದು ಸುಟ್ಟ ಕೆಂಪು ದೀಪದಿಂದ. ಈಗಿನ ಬಿಲ್ ವರ್ಷಕ್ಕೆ 3,000 ಆಗಬಹುದು. 1,27,000ವನ್ನು 3,000ದಿಂದ ಭಾಗಿಸಿದರೆ 42 ವರ್ಷ. ಪ್ಯಾನೆಲ್‌ಗೆ ವಾರಂಟಿ ಕೊಡುವುದೇ 25 ವರ್ಷ. ಹೆಚ್ಚಾದ ಕರೆಂಟ್ ಗ್ರಿಡ್‌ಗೆ ಕೊಡಬಹುದು ನಿಜ, ಅದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ.

ಎಲ್ಲರ ಮನೆಗೂ ಇದೇ ಉತ್ತರ ಅಂತ ನಾನು ಹೇಳುತ್ತಿಲ್ಲ. ಎಲ್ಲಾ ಅಳೆದು, ಸರಿ ಮಾಡಿ, ಆಮೇಲೂ 300, 350 ಯೂನಿಟ್ ಬೇಕೇ ಬೇಕು ಅನ್ನುವ ಮನೆ ಇದ್ದರೆ, ಅಲ್ಲಿ ಗೃಹಜ್ಯೋತಿ ಹೇಗೂ ಸಿಗುವುದಿಲ್ಲ, ಪ್ಯಾನೆಲ್ ಹಾಕಿಸುವುದು ಒಳ್ಳೆಯದು. ಮಾವನ ಮನೆಗೇ ನಾಳೆ ಎಲೆಕ್ಟ್ರಿಕ್ ಸ್ಕೂಟರ್ ಬಂದು, ಮೇಲಿನ ರೂಮಿಗೆ ಎಸಿ ಬಂದರೆ ಈ ಲೆಕ್ಕ ಮತ್ತೆ ಮಾಡಬೇಕು. ಆದರೆ ಅವತ್ತಿಗೂ 3 ಕಿಲೋವಾಟ್ ಬೇಕಾ, 2 ಸಾಕಾ ಅಂತ ಗೊತ್ತಾಗುವುದು ಸೋರಿಕೆ ನಿಲ್ಲಿಸಿದ ಮೇಲೆ. ಸೋರುವ ತೊಟ್ಟಿಗೆ ದೊಡ್ಡ ಪಂಪ್ ಹಾಕಿದ ಹಾಗೆ ಆಗಬಾರದು ಅಲ್ವಾ?

ನನಗೆ ಬೇಸರ ತರುವ ವಿಷಯ ಒಂದಿದೆ. ಕರೆಂಟ್ ತಯಾರಿಸಲು ಒಂದು ಮನೆಗೆ 78,000 ಸಿಗುತ್ತದೆ, ಅದು ಸಂತೋಷ. ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಆ ಮನೆಗೆ 500 ರೂಪಾಯಿಯ ಸಹಾಯವೂ ಇಲ್ಲ. ಐಟಿಐ, ಡಿಪ್ಲೊಮಾ ಓದಿದ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಒಂದು ವಾರ ತರಬೇತಿ ಕೊಟ್ಟು, ಪ್ಯಾನೆಲ್ ಸಬ್ಸಿಡಿಗೆ ಅರ್ಜಿ ಹಾಕುವ ಮನೆಗೆಲ್ಲ ಮೊದಲು ಒಂದು ರಾತ್ರಿ ಮೀಟರ್ ಎಣಿಸಿ ಬರುವ ಕೆಲಸ ಕೊಟ್ಟರೆ ಎಷ್ಟು ಒಳ್ಳೆಯದು. 200ರ ಗೆರೆ ಕೂಡ ಹಾಗೆಯೇ. ಅದರೊಳಗೆ ಉಳಿಯುವುದಕ್ಕಿಂತ ದೊಡ್ಡ ಪ್ರೋತ್ಸಾಹಧನ ಈಗ ಮನೆಗಳಿಗೆ ಇಲ್ಲ. ಆ 14 ತಿಂಗಳಲ್ಲಿ ಮಾವ 11 ಸಲ ಗೆರೆ ದಾಟಿ ಕಟ್ಟಿದ್ದು 21,000ಕ್ಕೂ ಹೆಚ್ಚು. ಗೆರೆಯ ಒಳಗಿದ್ದಿದ್ದರೆ ಮೂರ್ನಾಲ್ಕು ಸಾವಿರದಲ್ಲಿ ಮುಗಿಯುತ್ತಿತ್ತು.

ಅಡ್ವಾನ್ಸ್ ಕೊಡಲಿಲ್ಲ. ಪ್ಯಾನೆಲ್‌ನವರಿಗೆ ಮಾವ ಫೋನ್ ಮಾಡಿ, ಈಗ ಬೇಡ, ಎಸಿ ಹಾಕಿಸುವ ವರ್ಷ ಹೇಳ್ತೀನಿ ಅಂದರು.

ಒಂದು ಕೆಲಸ ಬಾಕಿ ಇದೆ. ಬೇಸಿಗೆಯಲ್ಲಿ ಮೇಲಿನ ರೂಮಿನ ತಾರಸಿ ಸಂಜೆವರೆಗೂ ಕಾದು ಬಿಸಿ ಇಳಿಸುತ್ತಲೇ ಇರುತ್ತದೆ, ಸೊಸೆ ಎಸಿ ಕೇಳುತ್ತಿರುವುದೂ ಅದಕ್ಕೇ. ಯುಗಾದಿಯ ಮುಂಚೆ ತಾರಸಿಗೆ ಎರಡು ಕೋಟು ಸುಣ್ಣ ಬಳಿಯುವುದು ಅಂತ ತೀರ್ಮಾನ ಆಗಿದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಸಿಮೆಂಟಿನ ಬೂದು ಬಣ್ಣ ಹೀರಿಕೊಳ್ಳುತ್ತದೆ. ಎರಡು ಥರ್ಮಾಮೀಟರ್ ತಂದಿಟ್ಟಿದ್ದೇನೆ. ಒಂದು ರೂಮಿಗೆ ಪೂರ್ತಿ ಬಳಿದು, ಪಕ್ಕದ ರೂಮಿನ ಮೇಲೆ ಒಂದು ವಾರ ಹಾಗೇ ಬಿಟ್ಟು, ಮಧ್ಯಾಹ್ನ ಮೂರಕ್ಕೆ ಎರಡನ್ನೂ ಓದಿ ಬರೆಯುವ ಕೆಲಸ ಪುಟ್ಟಿಯದು. ಅವಳಿಗೆ ಈಗಷ್ಟೇ ಎರಡಂಕಿ ಓದಲು ಬಂದಿದೆ.